ಖಗೋಳ ಕಾರ್ಯಾಗಾರ: ಪ್ರಸ್ತಾವ ಗೆಲ್ಲುವುದು ಎಲ್ಲಿ, ಕೊಡಗಿನಲ್ಲಿ ಎಡವುವುದು ಎಲ್ಲಿ

ಖಗೋಳ ಕಾರ್ಯಾಗಾರದ ಪ್ರಸ್ತಾವವೊಂದು ಸಂಶೋಧನಾ ಸಂಸ್ಥೆಯ ಆಯ್ಕೆ ಸಮಿತಿಯ ಮುಂದೆ ಬಂದಾಗ ಏಳುವ ಮೊದಲ ಪ್ರಶ್ನೆ ಬಹಳ ಸರಳ: ಈ ಕೆಲಸಕ್ಕೆ ನಲವತ್ತು ಜನ ಐದು ದಿನ ಒಂದೇ ಕೊಠಡಿಯಲ್ಲಿ ಕೂರಲೇಬೇಕೇ? ಉಪನ್ಯಾಸ ಕೇಳಿ ಚಪ್ಪಾಳೆ ತಟ್ಟಿ ಹೋಗುವುದಾದರೆ ಬೇಕಿಲ್ಲ, ಅದೆಲ್ಲ ಯೂಟ್ಯೂಬಿನಲ್ಲೇ ಸಿಗುತ್ತದೆ. ದತ್ತಾಂಶ ತೆರೆದು, ತಪ್ಪು ಮಾಡಿ, ಪಕ್ಕದವರ ಪರದೆಯ ಮೇಲೆ ಕಣ್ಣಾಡಿಸಿ, ಗೊತ್ತಿರುವವರನ್ನು ಕರೆದು ತಿದ್ದಿಸಿಕೊಳ್ಳುವ ಕೆಲಸವಾದರೆ ಬೇಕೇ ಬೇಕು. ವಿಷಯ, ದಿನಾಂಕ, ಶಿಬಿರಾರ್ಥಿಗಳ ಸಂಖ್ಯೆ, ಖರ್ಚು ಎಲ್ಲವೂ ಈ ಉತ್ತರದಿಂದಲೇ ಹುಟ್ಟಬೇಕು. ಕೊಡಗಿನ ಕಾಲೇಜು ಪ್ರಸ್ತಾವ ಬರೆಯುವುದಾದರೆ ಮಳೆ, ಕಾಫಿ, ಆನೆ ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಣ ಯಾರದು, ಕೊಠಡಿ ಯಾರದು

ಕೊಡಗಿನಲ್ಲಿ ಖಗೋಳ ಸಂಶೋಧನಾ ಸಂಸ್ಥೆ ಇಲ್ಲ. ಹಾಗಾಗಿ ಇಲ್ಲಿನ ಕಾರ್ಯಾಗಾರಕ್ಕೆ ಹಣ ಮತ್ತು ತಜ್ಞರು ಹೊರಗಿನಿಂದ ಬರಬೇಕು. ಕೊಠಡಿ, ಊಟ, ಓಡಾಟ ಸ್ಥಳೀಯ ಕಾಲೇಜಿನ ಪಾಲು. ಪುಣೆಯ ಐಯುಕಾ (ಅಂತರ ವಿಶ್ವವಿದ್ಯಾಲಯ ಖಗೋಳವಿಜ್ಞಾನ ಮತ್ತು ಖಭೌತವಿಜ್ಞಾನ ಕೇಂದ್ರ) 1988ರಲ್ಲಿ ಶುರುವಾದದ್ದೇ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಅಧ್ಯಾಪಕರಿಗೆ ಖಗೋಳವಿಜ್ಞಾನದಲ್ಲಿ ಆಸರೆಯಾಗಲು. ತನ್ನ ಆವರಣದ ಹೊರಗೆ, ಬೇರೆ ಬೇರೆ ಊರುಗಳ ಕಾಲೇಜುಗಳಲ್ಲಿ ನಡೆಯುವ ಕಾರ್ಯಾಗಾರಗಳಿಗೂ ಅದು ನೆರವಾಗುತ್ತದೆ. 2007ರಲ್ಲಿ ಆರಂಭವಾದ ಬೆಂಗಳೂರಿನ ಐಸಿಟಿಎಸ್ (ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ) ಪ್ರಸ್ತಾವಗಳನ್ನು ಬಹಿರಂಗವಾಗಿ ಆಹ್ವಾನಿಸುತ್ತದೆ, ಆದರೆ ಅಲ್ಲಿಯ ಕಾರ್ಯಕ್ರಮಗಳು ಹೆಚ್ಚಾಗಿ ಸಂಶೋಧಕರ ಮಟ್ಟದವು ಮತ್ತು ಅದರ ಆವರಣದಲ್ಲೇ ನಡೆಯುವಂಥವು. ಕೋರಮಂಗಲದ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಕೈಯಲ್ಲಿ ಕಾವಲೂರು, ಕೊಡೈಕೆನಾಲ್, ಹಾನ್ಲೆಯ ವೀಕ್ಷಣಾಲಯಗಳಿವೆ. ದೂರದರ್ಶಕ ನಡೆಸುವವರನ್ನೇ ಕರೆಸಬೇಕಿದ್ದರೆ ಅಲ್ಲಿ ಕೇಳಬೇಕು.

ಯಾವ ಬಾಗಿಲು ತಟ್ಟಬೇಕೆಂಬುದು ಕಾರ್ಯಾಗಾರದ ಜಾತಿಯ ಮೇಲೆ ನಿಂತಿದೆ. ಪರಿಣತರು ಬಗೆಹರಿಯದ ಒಂದು ಸಮಸ್ಯೆಯ ಸುತ್ತ ಕೂತು ಚರ್ಚಿಸುವುದು ಒಂದು ಬಗೆ. ಅಮೆರಿಕದ ಆಸ್ಪೆನ್ ಭೌತವಿಜ್ಞಾನ ಕೇಂದ್ರ 1962ರಿಂದಲೂ ನಿಗದಿತ ಉಪನ್ಯಾಸಗಳನ್ನು ಆದಷ್ಟು ಕಡಿಮೆ ಇಟ್ಟು ಇದನ್ನೇ ಮಾಡುತ್ತಿದೆ. ಸಂಶೋಧನೆಗೆ ಕಾಲಿಡುತ್ತಿರುವವರಿಗೆ ಎರಡು ಮೂರು ವಾರ ಪಾಠ ಮತ್ತು ಅಭ್ಯಾಸ ನಡೆಸುವ ‘ಸ್ಕೂಲ್’ ಇನ್ನೊಂದು. ಎಂ.ಎಸ್ಸಿ., ಬಿ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ಮೂರರಿಂದ ಐದು ದಿನ ನಡೆಯುವ ತರಬೇತಿ ಮೂರನೆಯದು. ಮಡಿಕೇರಿ, ಗೋಣಿಕೊಪ್ಪ, ಚಿಕ್ಕ ಅಳುವಾರದಂಥ ಕಡೆ ಹೊಂದುವುದು ಈ ಮೂರನೆಯದೇ. ಒಂದೇ ಪ್ರಸ್ತಾವದಲ್ಲಿ ಮೂರನ್ನೂ ತುರುಕಿದರೆ ಯಾವುದೂ ಆಗುವುದಿಲ್ಲ.

ಸಮಿತಿ ಅಂಕ ಹಾಕುವ ಬಗೆ

ಸಂಸ್ಥೆಯಿಂದ ಸಂಸ್ಥೆಗೆ ವಿವರ ಬೇರೆಯಾದರೂ ಹಾದಿ ಹೆಚ್ಚುಕಡಿಮೆ ಒಂದೇ. ಪ್ರಸ್ತಾವ ಬಂದ ಮೇಲೆ ಕಚೇರಿ ಮೊದಲು ಅರ್ಹತೆ ಮತ್ತು ಲೆಕ್ಕ ಪರಿಶೀಲಿಸುತ್ತದೆ. ಆಮೇಲೆ ಇಬ್ಬರು ಮೂವರು ವಿಮರ್ಶಕರು ಬಿಡಿಬಿಡಿಯಾಗಿ ಓದಿ ಅಂಕ ಮತ್ತು ಟಿಪ್ಪಣಿ ಕೊಡುತ್ತಾರೆ. ಸಮಿತಿ ಒಟ್ಟಿಗೆ ಕೂತು ಚರ್ಚಿಸಿ, ಕೊನೆಗೆ ಸಭಾಂಗಣ ಮತ್ತು ಅತಿಥಿಗೃಹದ ಕ್ಯಾಲೆಂಡರಿಗೆ ಹೊಂದಿಸುತ್ತದೆ. ಪ್ರಸ್ತಾವದಲ್ಲಿ ಹೆಸರಿರುವ ಅಥವಾ ಅದೇ ಗುಂಪಿನ ಸದಸ್ಯರಿದ್ದರೆ ಆ ಚರ್ಚೆಯ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು.

ಇಲ್ಲಿ ಸರಾಸರಿ ಅಂಕ ಮೋಸ ಮಾಡುತ್ತದೆ. ಹತ್ತಕ್ಕೆ 9 ಮತ್ತು 4 ಬಂದ ಪ್ರಸ್ತಾವಕ್ಕೂ, 6.5 ಮತ್ತು 6.5 ಬಂದದ್ದಕ್ಕೂ ಸರಾಸರಿ ಒಂದೇ. ಎರಡನೆಯದು ಯಾರಿಗೂ ಬೇಸರ ತರಿಸದ, ಯಾರಿಗೂ ಉತ್ಸಾಹವನ್ನೂ ತರದ ಪ್ರಸ್ತಾವ ಇರಬಹುದು. ಮೊದಲನೆಯದರಲ್ಲಿ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಂಡಿಲ್ಲ. ಚೆನ್ನಾಗಿ ನಡೆಯುವ ಸಮಿತಿ ಇಂಥ ಭಿನ್ನಮತದ ಪ್ರಸ್ತಾವಗಳನ್ನೇ ಮೊದಲು ಚರ್ಚೆಗೆ ತೆಗೆದುಕೊಳ್ಳುತ್ತದೆ, ಏಕೆಂದರೆ ಸಭೆಯ ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಸುಸ್ತಾಗಿರುತ್ತದೆ. ಕೆಲವು ವಿಮರ್ಶಕರು ಕೈಬಿಗಿ ಹಿಡಿದು ಅಂಕ ಕೊಡುತ್ತಾರೆ, ಕೆಲವರು ಧಾರಾಳಿಗಳು. ಹಾಗಾಗಿ ಒಬ್ಬೊಬ್ಬರೂ ತಾವು ಓದಿದವುಗಳಲ್ಲಿ ಯಾವುದನ್ನು ಮೇಲಿಟ್ಟರು, ಯಾವುದನ್ನು ಕೆಳಗಿಟ್ಟರು ಎಂದು ನೋಡುವುದು ಬರೀ ಅಂಕ ಕೂಡಿಸುವುದಕ್ಕಿಂತ ನ್ಯಾಯವಾದ ದಾರಿ.

ಸಮಿತಿ ಒಂದೊಂದು ಪ್ರಸ್ತಾವವನ್ನಷ್ಟೇ ಅಲ್ಲ, ಇಡೀ ವರ್ಷದ ಪಟ್ಟಿಯನ್ನೂ ನೋಡುತ್ತದೆ. ಕಪ್ಪುಕುಳಿಗಳ ಮೇಲೆ ಮೂರು ಕಾರ್ಯಾಗಾರ, ಸೂರ್ಯನ ಮೇಲೆ ಒಂದೂ ಇಲ್ಲ ಎಂದಾದರೆ ಕೆಳಗಿದ್ದ ಸೂರ್ಯನ ಪ್ರಸ್ತಾವ ಮೇಲೇರಬಹುದು. ಸಮಯವೂ ಮುಖ್ಯ. ಆದಿತ್ಯ ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಅದರ ದತ್ತಾಂಶ ಸಾರ್ವಜನಿಕರ ಕೈಗೆ ಸಿಗುವ ಮುಂಚೆ ‘ಆದಿತ್ಯ ದತ್ತಾಂಶ ವಿಶ್ಲೇಷಣೆ’ ಎಂಬ ಕಾರ್ಯಾಗಾರ ಇಟ್ಟಿದ್ದರೆ ವಿಶ್ಲೇಷಿಸಲು ಏನೂ ಇರುತ್ತಿರಲಿಲ್ಲ. ದತ್ತಾಂಶ ಹೊರಬಂದು ಕೆಲವು ತಿಂಗಳಾದ ಮೇಲೆ, ಆರಂಭದ ದೋಷಗಳು ಗೊತ್ತಾದ ಮೇಲೆ ಇಡುವುದು ಜಾಣತನ.

ತಿರಸ್ಕಾರವಾಗುವ ಪ್ರಸ್ತಾವಗಳ ಮುಖಚಹರೆ ದೂರದಿಂದಲೇ ಗುರುತು ಸಿಗುತ್ತದೆ. ‘ಆಧುನಿಕ ಖಗೋಳವಿಜ್ಞಾನದ ಇತ್ತೀಚಿನ ಪ್ರವೃತ್ತಿಗಳು’ ಎಂಬಂಥ ಶೀರ್ಷಿಕೆಯಲ್ಲಿ ಯಾವ ಪ್ರಶ್ನೆಯೂ ಇಲ್ಲ. ಹತ್ತು ದೊಡ್ಡ ಹೆಸರು ಪಟ್ಟಿ ಮಾಡಿ, ಅವರಲ್ಲಿ ಯಾರು ಒಪ್ಪಿದ್ದಾರೆ, ಯಾರನ್ನು ಇನ್ನೂ ಕೇಳಿಯೇ ಇಲ್ಲ ಎಂದು ಬರೆಯದಿರುವುದು ಇನ್ನೊಂದು. ವಿಮರ್ಶಕರು ಆ ಹತ್ತರಲ್ಲಿ ಒಬ್ಬರಿಗೆ ಫೋನ್ ಮಾಡಿದರೆ ಸಾಕು, ಗುಟ್ಟು ರಟ್ಟು. ಖರ್ಚಿನ ಪಟ್ಟಿಯಲ್ಲಿ 40 ಜನರಿಗೆ ಊಟ, 60 ಜನರಿಗೆ ವಸತಿ ಎಂದಿದ್ದರೆ ಯಾರೂ ಎರಡನೆಯ ಸಲ ಓದಿಲ್ಲ ಎಂದೇ ಅರ್ಥ. ವೇಳಾಪಟ್ಟಿಯಲ್ಲಿ ಮೊದಲ ದಿನದ ಮಧ್ಯಾಹ್ನದವರೆಗೂ ಉದ್ಘಾಟನೆ, ಶಾಲು, ಹಾರ, ನೆನಪಿನ ಕಾಣಿಕೆ ಇದ್ದರೆ ಐದು ದಿನದ ಕಾರ್ಯಾಗಾರದಲ್ಲಿ ಹತ್ತನೇ ಒಂದು ಭಾಗ ಅಲ್ಲೇ ಹೋಯಿತು. ಉದ್ಘಾಟನೆಗೆ ಇಪ್ಪತ್ತು ನಿಮಿಷ ಧಾರಾಳ ಸಾಕು.

ಸ್ಥಳೀಯ ಸಂಯೋಜಕರು ಬರೀ ಹೆಸರಿಗೆ ಇದ್ದರೂ ಪ್ರಸ್ತಾವ ಬೀಳುತ್ತದೆ. ಪ್ರಾಂಶುಪಾಲರ ಒಪ್ಪಿಗೆ ಪತ್ರ, ಕೊಠಡಿಯ ಅಳತೆ, ಪ್ಲಗ್ ಪಾಯಿಂಟ್‌ಗಳ ಸಂಖ್ಯೆ, ಹಾಸ್ಟೆಲಿನಲ್ಲಿ ಆ ವಾರ ಎಷ್ಟು ಹಾಸಿಗೆ ಖಾಲಿ ಎಂಬ ವಿವರ ಇದ್ದರೆ ಊರಿನಲ್ಲಿ ಕೆಲಸ ಮಾಡುವವರು ಇದ್ದಾರೆ ಎಂಬ ನಂಬಿಕೆ ಬರುತ್ತದೆ. ಸಣ್ಣ ಕಾಲೇಜು ದೊಡ್ಡದನ್ನು ಹಿಂದೆ ಹಾಕುವುದು ಇಂಥ ವಿವರದಲ್ಲೇ.

ದಿನಾಂಕ: ಪಂಚಾಂಗ ಮತ್ತು ಕಾಫಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಆಕಾಶ ನೋಡುವ ಮಾತೇ ಇಲ್ಲ. ಮಳೆ ರಜೆ, ಗುಡ್ಡ ಕುಸಿತ, ಭಾರಿ ವಾಹನಗಳಿಗೆ ನಿರ್ಬಂಧ, ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ಎಲ್ಲವೂ ಈ ತಿಂಗಳುಗಳದೇ. 2027ರ ಆಗಸ್ಟ್ 2ರ ಸೂರ್ಯಗ್ರಹಣ ಈಜಿಪ್ಟಿನ ಲಕ್ಸರ್ ಕಡೆ ಪೂರ್ಣವಾಗಿ ಕಾಣಲಿದೆ, ನಮ್ಮ ಕಡೆ ಸಂಜೆ ಹೊತ್ತಿಗೆ ಭಾಗಶಃ. ಅದನ್ನೇ ನೆಚ್ಚಿಕೊಂಡು ಮಡಿಕೇರಿಯಲ್ಲಿ ಕಾರ್ಯಕ್ರಮ ಇಡುವುದು ಜೂಜು. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕುಟ್ಟದ ಬಳಿಯ ಕಾಯ್ಮಾನಿಗೆ ಜನ ಹರಿದು ಬಂದದ್ದು ಬೇರೆ ಮಾತು. ಅದು ಚಳಿಗಾಲದ ಬೆಳಗು.

ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರಿನ ಮೋಡ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಆಸುಪಾಸು ಎರಡು ಕಾರಣಕ್ಕೆ ಬೇಡ: ಸ್ಥಳೀಯ ಸಿಬ್ಬಂದಿ, ಶಿಬಿರಾರ್ಥಿಗಳು ಎಲ್ಲರೂ ಹಬ್ಬದಲ್ಲಿರುತ್ತಾರೆ, ಹಬ್ಬ ಬೀಳುವುದೇ ರೋಹಿಣಿ ನಕ್ಷತ್ರದ ಹುಣ್ಣಿಮೆಯ ಹೊತ್ತಿಗೆ, ಆ ಬೆಳದಿಂಗಳಲ್ಲಿ ನೀಹಾರಿಕೆಗಳು ಕಾಣುವುದಿಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಪ್ರವಾಸಿಗರ ದಟ್ಟಣೆ, ಹೋಂಸ್ಟೇ ಸಿಕ್ಕಿದರೂ ದರ ಕೇಳುವಂತಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ. ತೋಟದವರು ಯಾವ ಮೋಡಕ್ಕಾಗಿ ಕಾಯುತ್ತಿರುತ್ತಾರೋ ಅದೇ ಮೋಡ ದೂರದರ್ಶಕಕ್ಕೆ ಅಡ್ಡ. ಉಳಿಯುವುದು ಜನವರಿ ಎರಡನೆಯ ವಾರದಿಂದ ಫೆಬ್ರವರಿ ಕೊನೆಯವರೆಗಿನ ಕಾಲ. ಅದರಲ್ಲೂ ಅಮಾವಾಸ್ಯೆಯ ಹಿಂದಿನ ಸೋಮವಾರದಿಂದ ಶುಕ್ರವಾರ: ಸಂಜೆಯಿಂದ ನಡುರಾತ್ರಿವರೆಗೆ ಚಂದ್ರ ಇರುವುದಿಲ್ಲ, ವಾರಾಂತ್ಯದ ಬಾಡಿಗೆಯೂ ತಪ್ಪುತ್ತದೆ.

ಉದಾಹರಣೆಗೆ 2027ರ ಫೆಬ್ರವರಿ 6ರಂದು ಅಮಾವಾಸ್ಯೆ. ಆ ವಾರ, ಅಂದರೆ 1ರಿಂದ 5ರವರೆಗೆ, ಇನ್ನೊಂದು ಅನುಕೂಲವೂ ಇದೆ. ಗುರು ಆ ತಿಂಗಳ 10ರ ಸುಮಾರಿಗೆ, ಮಂಗಳ 19ರಂದು ಸೂರ್ಯನಿಗೆ ನೇರ ಎದುರಾಗುತ್ತವೆ, ಹಾಗಾಗಿ ಎರಡೂ ಸಂಜೆಯ ಹೊತ್ತಿಗೆ ಪೂರ್ವದಲ್ಲಿ ಏಳುತ್ತವೆ. ಮಂಗಳನ ಬಗ್ಗೆ ಮಾತ್ರ ಕರಪತ್ರದಲ್ಲಿ ಅತಿಯಾಗಿ ಬರೆಯಬೇಡಿ. ಈ ಸಲ ಅದು ಸುಮಾರು 14 ಆರ್ಕ್‌ಸೆಕೆಂಡಿನ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಬಿಲ್ಲೆ ಅಷ್ಟೇ, ಸಣ್ಣ ದೂರದರ್ಶಕದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಿಂತ ತುಸು ದೊಡ್ಡದು.

ಹಗಲು ಕೃತ್ತಿಕೆ, ರಾತ್ರಿ ಕೃತ್ತಿಕೆ

ಪ್ರಸ್ತಾವದಲ್ಲಿ ‘ಪ್ರಾಯೋಗಿಕ ತರಗತಿ’ ಎಂದು ಒಂದು ಸಾಲು ಬರೆದರೆ ಸಾಲದು. ಒಂದು ಇಡೀ ದಿನದ ಕೆಲಸವನ್ನು ಹಂತ ಹಂತವಾಗಿ ಬರೆದು ತೋರಿಸಬೇಕು. ಮಾದರಿಗೆ ಕೃತ್ತಿಕಾ ನಕ್ಷತ್ರಗುಚ್ಛವನ್ನು ತೆಗೆದುಕೊಳ್ಳಬಹುದು.

ಯುರೋಪಿನ ಗಾಯಾ ನೌಕೆಯ ಮೂರನೆಯ ದತ್ತಾಂಶ 2022ರ ಜೂನ್‌ನಲ್ಲಿ ಬಿಡುಗಡೆಯಾಯಿತು, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಆಕಾಶದ ರೇಖಾಂಶ, ಅಕ್ಷಾಂಶಗಳಂತಿರುವ ವಿಷುವದಂಶ 56.75, ಘಂಟಾವೃತ್ತಾಂಶ 24.1 ಡಿಗ್ರಿಯನ್ನು ಕೇಂದ್ರವಾಗಿಟ್ಟು ಸುತ್ತ 2 ಡಿಗ್ರಿ ವ್ಯಾಪ್ತಿಯಲ್ಲಿ 15ನೇ ಕಾಂತಿಮಾನಕ್ಕಿಂತ (ಈ ಅಳತೆಯಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹೆಚ್ಚು) ಪ್ರಕಾಶವಾದ ನಕ್ಷತ್ರಗಳನ್ನಷ್ಟೇ ಕೇಳಿದರೆ ಕೆಲವೇ ಎಂಬಿಯ ಕಡತ ಸಿಗುತ್ತದೆ. ಅದನ್ನು ಟಾಪ್‌ಕ್ಯಾಟ್ ತಂತ್ರಾಂಶದಲ್ಲಿ ತೆರೆದು ಮೊದಲು ನಕ್ಷತ್ರಗಳ ನಿಜಚಲನೆಯ, ಅಂದರೆ ಆಕಾಶದಲ್ಲಿ ಅವು ವರ್ಷಕ್ಕೆ ಎಷ್ಟು ಜರುಗುತ್ತವೆ ಎಂಬುದರ, ನಕ್ಷೆ ಹಾಕಬೇಕು. ದೂರದ ನಕ್ಷತ್ರಗಳೆಲ್ಲ ಸೊನ್ನೆಯ ಸುತ್ತ ಗುಂಪಾಗುತ್ತವೆ. ಅವುಗಳಿಂದ ದೂರ, ವರ್ಷಕ್ಕೆ ಪೂರ್ವಕ್ಕೆ 20 ಮತ್ತು ದಕ್ಷಿಣಕ್ಕೆ 45 ಮಿಲಿಆರ್ಕ್‌ಸೆಕೆಂಡಿನ ಬಳಿ ಸಣ್ಣದೊಂದು ಗುಂಪು ಕಾಣುತ್ತದೆ. ಅದೇ ಕೃತ್ತಿಕೆ. ಆ ಗುಂಪನ್ನು ಮೌಸಿನಿಂದ ಸುತ್ತುವರಿದು ಬೇರ್ಪಡಿಸಿ ಅದರ ಲಂಬನ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಜರುಗಿದಂತೆ ಕಾಣುವ ಕೋನ) ನೋಡಿದರೆ 7.4 ಮಿಲಿಆರ್ಕ್‌ಸೆಕೆಂಡಿನ ಸುತ್ತ ಬರುತ್ತದೆ. 1000ವನ್ನು ಅದರಿಂದ ಭಾಗಿಸಿದರೆ ಸುಮಾರು 135 ಪಾರ್ಸೆಕ್, ಅಂದರೆ 440 ಜ್ಯೋತಿರ್ವರ್ಷ.

ಮುಗ್ಗರಿಸುವುದು ಇಲ್ಲೇ. ಗುಂಪನ್ನು ಬೇರ್ಪಡಿಸುವ ಮೊದಲೇ ಕಡತದ ಎಲ್ಲ ನಕ್ಷತ್ರಗಳ ಲಂಬನದಿಂದಲೂ ಹೀಗೆಯೇ 1000ವನ್ನು ಭಾಗಿಸಿದರೆ ಕೆಲವಕ್ಕೆ ಋಣಾತ್ಮಕ ದೂರ ಬರುತ್ತದೆ. ಬಹು ದೂರದ ನಕ್ಷತ್ರಗಳಲ್ಲಿ ಅಳತೆಯ ದೋಷವೇ ಲಂಬನಕ್ಕಿಂತ ದೊಡ್ಡದಾಗಿ ಕೆಲವು ಬೆಲೆಗಳು ಸೊನ್ನೆಗಿಂತ ಕೆಳಗಿಳಿದಿರುತ್ತವೆ. ಶಿಬಿರಾರ್ಥಿಗಳಿಗೆ ಈ ತಪ್ಪು ಮಾಡಲು ಬಿಡಬೇಕು, ಮುಂಚೆಯೇ ಎಚ್ಚರಿಸಬಾರದು. ಕೊನೆಗೆ ಬಣ್ಣ ಮತ್ತು ನೈಜ ಕಾಂತಿಮಾನದ (ದೂರದ ಪ್ರಭಾವ ಕಳೆದ ಮೇಲಿನ ಪ್ರಕಾಶದ) ನಕ್ಷೆ ಹಾಕಿದಾಗ ನಕ್ಷತ್ರಗಳು ಒಂದು ಓರೆಗೆರೆಯಲ್ಲಿ ನಿಲ್ಲುತ್ತವೆ. ಅದರ ಮೇಲೆ ಸುಮಾರು 0.75 ಕಾಂತಿಮಾನದಷ್ಟು ಎತ್ತರದಲ್ಲಿ ಇನ್ನೊಂದು ತೆಳು ಗೆರೆ ಮಸುಕಾಗಿ ಕಾಣುತ್ತದೆ. ಇದೇನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೇ ಚುಕ್ಕಿಯಾಗಿ ಕಾಣುವ ಸಮಾನ ಜೋಡಿ ನಕ್ಷತ್ರಗಳು ಅವು, ಬೆಳಕು ಎರಡರಷ್ಟು. ಈ ಪ್ರಶ್ನೆ ಕೊಠಡಿಯಲ್ಲೇ ಹುಟ್ಟಿ ಅಲ್ಲೇ ಬಗೆಹರಿಯುವುದಕ್ಕಾಗಿಯೇ ನಲವತ್ತು ಜನರನ್ನು ಸೇರಿಸಿದ್ದು. ಇದಕ್ಕೆ ಎಂಟು ಹತ್ತು ಜನರಿಗೆ ಒಬ್ಬರಂತೆ ಮಾರ್ಗದರ್ಶಕರು ಬೇಕು, ಇಬ್ಬರಿಗೆ ಒಂದು ಲ್ಯಾಪ್‌ಟಾಪ್ ಸಾಕು. ಒಬ್ಬೊಬ್ಬರಿಗೂ ಒಂದೊಂದು ಕೊಟ್ಟರೆ ಮಾತು ನಿಂತುಹೋಗುತ್ತದೆ.

ಫೆಬ್ರವರಿ ಮೊದಲ ವಾರ ರಾತ್ರಿ 8 ಗಂಟೆಗೆ ಇದೇ ಕೃತ್ತಿಕೆ ಕೊಡಗಿನಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ, ಸುಮಾರು 75 ಡಿಗ್ರಿ ಎತ್ತರದಲ್ಲಿ. ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ 8 ಇಂಚಿನ ಡಾಬ್ಸೋನಿಯನ್ ದೂರದರ್ಶಕದಲ್ಲಿ ನೋಡಲು ಹೊರಟರೆ ಎರಡು ತೊಂದರೆ. ನೆತ್ತಿಯ ಬಳಿ ಅದನ್ನು ತಿರುಗಿಸುವುದು ಕಷ್ಟ. ಮೇಲಾಗಿ 25 ಮಿಲಿಮೀಟರ್ ಕಣ್ಮಸೂರದಲ್ಲೂ ಒಂದು ಡಿಗ್ರಿಯಷ್ಟೇ ಆಕಾಶ ಸಿಗುತ್ತದೆ, ಗುಚ್ಛ ಅದಕ್ಕಿಂತ ದೊಡ್ಡದು. ಜಮಖಾನ ಹಾಸಿ ಮಲಗಿ 10×50 ಬೈನಾಕ್ಯುಲರ್‌ನಲ್ಲಿ ನೋಡುವುದೇ ಸರಿ. ದೂರದರ್ಶಕವನ್ನು ಆಗ ಮಹಾವ್ಯಾಧದ (ಓರಿಯನ್) ನೀಹಾರಿಕೆಗೆ, 9.30ರ ಮೇಲೆ ಗುರುವಿಗೆ ತಿರುಗಿಸಿ.

ಗುರುವನ್ನು 120 ಪಟ್ಟು ಹಿಗ್ಗಿಸಿ ತೋರಿಸುವಾಗ ಕಾಣುವ ಆಕಾಶ ಸುಮಾರು 25 ಆರ್ಕ್‌ಮಿನಿಟ್ (60 ಆರ್ಕ್‌ಮಿನಿಟ್ ಸೇರಿ ಒಂದು ಡಿಗ್ರಿ). ಭೂಮಿ ತಿರುಗುವುದರಿಂದ ಆಕಾಶ ನಿಮಿಷಕ್ಕೆ 15 ಆರ್ಕ್‌ಮಿನಿಟ್ ಜರುಗುತ್ತದೆ, ಹಾಗಾಗಿ ನೂರು ಸೆಕೆಂಡಿನಲ್ಲಿ ಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿರುತ್ತದೆ. ಮೋಟಾರಿಲ್ಲದ ದೂರದರ್ಶಕದ ಪಕ್ಕ ಒಬ್ಬರು ನಿಂತು ಪ್ರತಿಯೊಬ್ಬರಿಗೂ ಮೊದಲು ಸರಿಪಡಿಸಿ ಕೊಡಬೇಕು. 20 ಜನರ ಸಾಲಿಗೆ ಒಂದು ದೃಶ್ಯಕ್ಕೇ ಅರ್ಧ ಗಂಟೆ ಬೇಕಾಗುತ್ತದೆ. ನಲವತ್ತು ಜನರಿಗೆ ಕನಿಷ್ಠ ಮೂರು ದೂರದರ್ಶಕ ಇಡಿ.

ಅಕ್ಷವನ್ನು ಧ್ರುವ ನಕ್ಷತ್ರದತ್ತ ನೆಟ್ಟರೆ ಆಕಾಶದ ಜೊತೆಗೇ ತಿರುಗುವ, ಮೋಟಾರಿರುವ ಈಕ್ವಟೋರಿಯಲ್ ಸ್ಟ್ಯಾಂಡ್ ತರುವವರು ಒಂದು ವಿಷಯ ಗಮನಿಸಬೇಕು. ಮಡಿಕೇರಿಯ ಅಕ್ಷಾಂಶ 12.4 ಡಿಗ್ರಿ, ಧ್ರುವ ನಕ್ಷತ್ರವೂ ಅಷ್ಟೇ ಎತ್ತರ. ಸಿಲ್ವರ್ ಓಕ್ ಮರವೋ, ಗುಡ್ಡವೋ, ಮಂಜೋ ಅದನ್ನು ಮುಚ್ಚಿರುತ್ತದೆ. ಕೆಲವು ಸ್ಟ್ಯಾಂಡ್‌ಗಳು ಅಷ್ಟು ಕೆಳಗೆ ಬಾಗುವುದೂ ಇಲ್ಲ, ಬಾಗಿದರೆ ತೂಕದ ಸರಳು ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ. ನಕ್ಷತ್ರ ಯಾವ ಕಡೆ ಜಾರುತ್ತದೆ ನೋಡಿ ಸರಿಪಡಿಸುವ ಡ್ರಿಫ್ಟ್ ವಿಧಾನ ಗೊತ್ತಿಲ್ಲದವರು ಇಲ್ಲಿ ಇಂಥ ಸ್ಟ್ಯಾಂಡ್ ನಂಬಿ ಬರಬಾರದು.

ಜಾಗದ ಆಯ್ಕೆಯಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದು ಕಾಫಿ ಕಣದ ಮೇಲೆ: ಸಮತಟ್ಟು, ಸಿಮೆಂಟು, ಸುತ್ತ ಬಯಲು. ಆದರೆ ಫೆಬ್ರವರಿಯಲ್ಲಿ ರೋಬಸ್ಟಾ ಕುಯ್ಲು ನಡೆಯುತ್ತಿರುತ್ತದೆ, ಕಣದ ತುಂಬ ಕಾಫಿ ಹರಡಿರುತ್ತದೆ. ಖಾಲಿ ಇದ್ದರೂ ದಿನವಿಡೀ ಕಾದ ಸಿಮೆಂಟು ರಾತ್ರಿ ಬಿಸಿ ಬಿಡುತ್ತಿದ್ದರೆ ಗ್ರಹದ ಬಿಂಬ ನೀರಿನಲ್ಲಿ ನೋಡಿದಂತೆ ಅಲುಗುತ್ತದೆ. ಹುಲ್ಲಿರುವ ಆಟದ ಮೈದಾನ ಉತ್ತಮ. ಮಡಿಕೇರಿಗಿಂತ ಕುಶಾಲನಗರದ ಕಡೆ ಮಂಜು ಕಡಿಮೆ, ಊರಿನ ದೀಪ ಹೆಚ್ಚು. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆಕಾಶ ಕಪ್ಪಾಗಿದ್ದರೂ ಕತ್ತಲಾದ ಮೇಲೆ ತೋಟಗಳಲ್ಲಿ ಆನೆ ಓಡಾಡುತ್ತವೆ. ಅಲ್ಲಿ ರಾತ್ರಿ ಕಾರ್ಯಕ್ರಮ ಇಡದಿರುವುದೇ ಲೇಸು. ಬೇರೆ ಕಡೆಯೂ ಅರಣ್ಯ ಇಲಾಖೆಯ ವಲಯ ಕಚೇರಿಗೆ ಮುಂಚಿತವಾಗಿ ತಿಳಿಸಿ, ವಸತಿಯಿಂದ ಮೈದಾನಕ್ಕೆ ನಡಿಗೆ ಬೇಡ, ವಾಹನವೇ ಇರಲಿ.

ಇಬ್ಬನಿ 9 ಗಂಟೆಯ ಮೇಲೆ ಕೆಲಸ ಕೆಡಿಸುತ್ತದೆ. ಮೊದಲು ಮಂಜಾಗುವುದು ಫೈಂಡರ್ (ಗುರಿ ಹುಡುಕುವ ಸಣ್ಣ ದೂರದರ್ಶಕ) ಮತ್ತು ಕಣ್ಮಸೂರ. ಬಟ್ಟೆಯಿಂದ ಒರೆಸಿದರೆ ಲೇಪನಕ್ಕೆ ಗೀರು ಬೀಳುತ್ತದೆ, ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿಯಬೇಕು. ಮುಗಿದ ಮೇಲೆ ಹೊರಗೇ ಮುಚ್ಚಳ ಹಾಕಿ ಒಳಗೆ ತನ್ನಿ. ಮರುದಿನ ಒಣಗಿಸದೆ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ಮಳೆಗಾಲದಲ್ಲಿ ಕನ್ನಡಿಯ ಮೇಲೆ ಬೂಷ್ಟು ಗ್ಯಾರಂಟಿ. ಸಿಲಿಕಾ ಜೆಲ್ ಚೀಲಗಳನ್ನು ಮಳೆಗಾಲದಲ್ಲಿ ಆಗಾಗ ಬಿಸಿಮಾಡಿ ಒಣಗಿಸಬೇಕು.

ಮೋಡ ಕವಿದರೆ ಏನು ಎಂಬುದಕ್ಕೂ ಪ್ರಸ್ತಾವದಲ್ಲಿ ಉತ್ತರ ಇರಲಿ. ಸ್ಟೆಲೇರಿಯಂ ತಂತ್ರಾಂಶದಲ್ಲಿ ಅದೇ ರಾತ್ರಿಯ ಆಕಾಶ ತೋರಿಸಿ, ಹಗಲಿನ ಕೃತ್ತಿಕೆಯ ಲೆಕ್ಕವನ್ನು ಇನ್ನೊಂದು ಗುಚ್ಛಕ್ಕೆ ಮಾಡಿಸಬಹುದು.

ಸೀಟು, ಕರೆಂಟು, ಬಿಲ್ಲು

ಶಿಬಿರಾರ್ಥಿಗಳ ಆಯ್ಕೆಯಲ್ಲಿ ಅಂಕಪಟ್ಟಿಯೊಂದನ್ನೇ ನೋಡಿದರೆ ಎಲ್ಲಾದರೂ ಕಲಿತುಕೊಳ್ಳಬಲ್ಲವರೇ ತುಂಬಿಕೊಳ್ಳುತ್ತಾರೆ. ‘ಇಲ್ಲಿ ಕಲಿತದ್ದನ್ನು ಮುಂದಿನ ಆರು ತಿಂಗಳಲ್ಲಿ ಎಲ್ಲಿ ಬಳಸುತ್ತೀರಿ’ ಎಂದು ಅರ್ಜಿಯಲ್ಲಿ ಕೇಳಿ, ಅರ್ಧ ಪುಟ ಸಾಕು. ಪ್ರಾಜೆಕ್ಟ್ ಮಾಡುತ್ತಿರುವ ಎಂ.ಎಸ್ಸಿ. ವಿದ್ಯಾರ್ಥಿನಿ, ಖಗೋಳವಿಜ್ಞಾನದ ಪತ್ರಿಕೆ ಬೋಧಿಸಬೇಕಾದ ಅಧ್ಯಾಪಕರ ಉತ್ತರ ಬೇರೆಯಾಗಿಯೇ ಕಾಣುತ್ತದೆ. 40 ಸೀಟಿಗೆ ಐದಾರು ಜನರ ಕಾಯುವ ಪಟ್ಟಿ ಇರಲಿ. ಕೊನೆ ವಾರದಲ್ಲಿ ಬರಲಾಗದು ಎನ್ನುವವರು ಇದ್ದೇ ಇರುತ್ತಾರೆ, ಆಗ ಹೊರಟು ಬರಬಲ್ಲವರು ಜಿಲ್ಲೆಯವರೇ. ದೂರದವರಿಗೆ ಆಯ್ಕೆ ಪತ್ರ 60 ದಿನಕ್ಕೂ ಮುಂಚೆ ಹೋಗಬೇಕು, ಏಕೆಂದರೆ ರೈಲಿನ ಮುಂಗಡ ಬುಕಿಂಗ್ ತೆರೆಯುವುದೇ ಅಷ್ಟು ದಿನ ಮೊದಲು. ಕೊಡಗಿಗೆ ರೈಲು ಇಲ್ಲ. ಮೈಸೂರಿನಲ್ಲಿಳಿದು ಮಡಿಕೇರಿಗೆ ಇನ್ನೂ ಸುಮಾರು 120 ಕಿಲೋಮೀಟರ್ ರಸ್ತೆ ಎಂಬುದನ್ನು ಪತ್ರದಲ್ಲೇ ಬರೆಯಿರಿ.

ಕರೆಂಟಿನ ಲೆಕ್ಕ: 40 ಲ್ಯಾಪ್‌ಟಾಪ್‌ಗೆ 65 ವ್ಯಾಟ್‌ನಂತೆ 2,600 ವ್ಯಾಟ್. 6 ಆಂಪಿಯರ್‌ನ ಒಂದು ಲೈನ್ ತಡೆಯುವುದು 1,380 ವ್ಯಾಟ್. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದರೆ ಎಂಸಿಬಿ (ಹೊರೆ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ, ಪ್ರೊಜೆಕ್ಟರೂ ಜೊತೆಗೆ ಆರುತ್ತದೆ. ಇಬ್ಬರಿಗೊಂದರಂತೆ ಇಟ್ಟರೂ 1,300 ವ್ಯಾಟ್, ತೀರಾ ಅಂಚು. ಎರಡು ಲೈನ್‌ಗೆ ಹಂಚಿ, ಪ್ರೊಜೆಕ್ಟರಿಗೆ ಬೇರೆಯೇ ಕೊಡಿ. ಇಂಟರ್‌ನೆಟ್ಟಿನದೂ ಇದೇ ಕಥೆ. 40 ಜನ ಒಟ್ಟಿಗೆ 500 ಎಂಬಿಯ ತಂತ್ರಾಂಶ ಇಳಿಸಿಕೊಳ್ಳಲು ಹೊರಟರೆ 20 ಜಿಬಿ. 50 ಎಂಬಿಪಿಎಸ್ ಸಂಪರ್ಕ ಪೂರ್ತಿ ವೇಗದಲ್ಲಿ ಓಡಿದರೂ 53 ನಿಮಿಷ. ತಂತ್ರಾಂಶ, ದತ್ತಾಂಶ ಎರಡನ್ನೂ ನಾಲ್ಕೈದು ಪೆನ್‌ಡ್ರೈವ್‌ಗಳಲ್ಲಿ ಹಾಕಿಟ್ಟು ಹಿಂದಿನ ಸಂಜೆಯೇ ಎಲ್ಲರ ಯಂತ್ರದಲ್ಲೂ ತೆರೆದು ನೋಡಬೇಕು. ಟಾಪ್‌ಕ್ಯಾಟ್ ಓಡಲು ಜಾವಾ ಬೇಕೆಂಬುದು ಮರೆತುಹೋಗುವ ಸಂಗತಿ.

ಖರ್ಚಿನಲ್ಲಿ ದೊಡ್ಡ ಪಾಲು ಪ್ರಯಾಣ ಮತ್ತು ವಸತಿಯದು, ಅದರ ಮೇಲೆ ಶೇ. 10ರಷ್ಟು ಆಕಸ್ಮಿಕಕ್ಕೆ ಇಡಿ. ಕೆಲವು ಹೋಂಸ್ಟೇಗಳು ಬಿಳಿ ಚೀಟಿಯಲ್ಲಿ ಮೊತ್ತ ಬರೆದು ಕೊಡುತ್ತವೆ, ಲೆಕ್ಕಪರಿಶೋಧಕರು ಅದನ್ನು ಒಪ್ಪುವುದಿಲ್ಲ. ಕಾಲೇಜಿನ ಹೆಸರಿಗೆ ನಂಬರಿರುವ ಬಿಲ್ ಕೊಡುವವರನ್ನೇ ಬುಕ್ ಮಾಡಬೇಕು, ಅದೂ ಮುಂಗಡ ಕೊಡುವ ಮೊದಲೇ ಮಾತಾಡಿ. ಹಣ ಬಳಕೆ ಪ್ರಮಾಣಪತ್ರ ತಡವಾದರೆ ಬಾಕಿ ಕಂತು ನಿಲ್ಲುತ್ತದೆ, ಮುಂದಿನ ವರ್ಷದ ಪ್ರಸ್ತಾವದ ಮೇಲೂ ಆ ಕರಿನೆರಳು ಇರುತ್ತದೆ. ವರದಿಯ ಜೊತೆ ಸಮಿತಿ ಓದುವುದು ಫೋಟೋಗಳನ್ನಲ್ಲ. ಮೂರು ತಿಂಗಳಾದ ಮೇಲೆ ಶಿಬಿರಾರ್ಥಿಗಳಿಗೆ ಒಂದು ಮೇಲ್ ಹಾಕಿ, ಅದೇ ನಕ್ಷೆಯನ್ನು ಬೇರೆ ಗುಚ್ಛಕ್ಕೆ ಎಷ್ಟು ಜನ ತಾವಾಗಿ ಹಾಕಿದ್ದಾರೆ ಎಂದು ಎಣಿಸಿ ಕಳಿಸಿ.